ಸಾವಿರ ತಾಸಿನ ಮುಯ್ಯಾಳು

ಬೇರೆಯವರಿಗೆ ಓದು ಓದು ಎಂದು ಹೇಳುವ ಕೆಲಸಕ್ಕೆ ಸರಕಾರ ಸಂಬಳ ಕೊಡುತ್ತದೆ ಎಂದು ಗೊತ್ತಾದ ದಿನವೇ ನಾನು ಸ್ವತಃ ಓದುವುದನ್ನು ಬಿಟ್ಟೆ. ಇಷ್ಟು ವರ್ಷ ಇದನ್ನು ಯಾರ ಮುಂದೆಯೂ ಒಪ್ಪಿಕೊಂಡಿರಲಿಲ್ಲ. ಈಗ ನಿವೃತ್ತಿ ಹತ್ತಿರ ಬಂದಿದೆ, ಪಿಂಚಣಿಯ ಕಾಗದಗಳೂ ಸರಿಯಾಗಿ ಹೋಗಿ ಮುಟ್ಟಿವೆ, ಇನ್ನು ಹೇಳಿದರೆ ಅಂಥ ಅಪಾಯವೇನೂ ಇಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆ ನನ್ನನ್ನು ನೋಡಿಯೇ ಹುಟ್ಟಿದ್ದಿರಬೇಕು. ಅದೂ ನಮ್ಮ ಜಮಖಂಡಿ ಕಡೆಯವರಿಗೆ ಬದನೆಕಾಯಿ ಬಿಡು ಎಂದು ಯಾರೂ ಹೇಳಬಾರದು. ಎಣಗಾಯಿ ಪಲ್ಯ, ಖಡಕ್ ರೊಟ್ಟಿ ಎದುರಿಗಿದ್ದಾಗ ಯಾವ ಪುರಾಣವೂ ನಮಗೆ ನೆನಪಾಗುವುದಿಲ್ಲ.

ಇತಿಹಾಸದಲ್ಲಿ ಎಂ.ಎ. ಮಾಡುತ್ತೇನೆಂದು ನಾನು ಅಂಚೆ ತೆರಪಿನ ಶಿಕ್ಷಣಕ್ಕೆ ಹೆಸರು ಹಚ್ಚಿದ್ದೆ. ಪುಸ್ತಕದ ಗಂಟು ಬಂದ ದಿನ ಪೋಸ್ಟ್‌ಮನ್ನನಿಗೆ ಚಹಾ ಕೊಟ್ಟು, ಗಂಟಿಗೆ ಅರಿಶಿನ ಕುಂಕುಮ ಏರಿಸಿ, ಊದಿನಕಡ್ಡಿ ಬೆಳಗಿ, ಭಕ್ತಿಯಿಂದ ಅಟ್ಟದ ಮೇಲೆ ಇಟ್ಟೆ. ಅದು ಅಲ್ಲಿಯೇ ಎರಡು ವರ್ಷ ಸುಖವಾಗಿತ್ತು. ಪರೀಕ್ಷೆಯ ಅರ್ಜಿ ಬಂದಾಗಲೆಲ್ಲ ಮುಂದಿನ ಸಲ ನೋಡೋಣ ಎನ್ನುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ಕೇಳಿದರೆ ನನ್ನ ಉತ್ತರ ಸಿದ್ಧವಿತ್ತು: "ಎಲ್ಲಿ ಓದೂದ್ರಿ? ಮನಿ ಕೆಲಸದಾಗ ಪುರಸೊತ್ತ ಎಲ್ಲೈತಿ?" ಈ ಮಾತನ್ನು ಹೇಳುವಾಗ ಹೆಂಡತಿ ಸುಮಿತ್ರಾ ಸುತ್ತಮುತ್ತ ಇಲ್ಲದಂತೆ ಮಾತ್ರ ನೋಡಿಕೊಳ್ಳುತ್ತಿದ್ದೆ.

ಆಗ ನಾನು ಬನಹಟ್ಟಿಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮಾಸ್ತರ, ಹತ್ತನೆಯ ‘ಬ’ ವರ್ಗಕ್ಕೆ ವರ್ಗ ಶಿಕ್ಷಕ. ಬಾಗಲಕೋಟೆ ಬೇರೆ ಜಿಲ್ಲೆಯಾಗಿ ಹನ್ನೆರಡು ಹದಿಮೂರು ವರ್ಷ ಕಳೆದಿದ್ದರೂ ನಮ್ಮ ವರ್ಗದ ಗೋಡೆಯ ನಕಾಶೆಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಅದರಲ್ಲಿ ನಾವಿನ್ನೂ ವಿಜಾಪುರದಲ್ಲೇ ಇದ್ದೆವು. ನನ್ನ ನಲವತ್ತೆರಡು ವಿದ್ಯಾರ್ಥಿಗಳ ಓದು ಕೂಡ ಈ ನಕಾಶೆಯ ಹಾಗೆಯೇ, ಎಲ್ಲಿ ನಿಂತಿತ್ತೋ ಅಲ್ಲಿಯೇ ನಿಂತಿತ್ತು. ಬುದ್ಧಿ ಇರಲಿಲ್ಲವೆಂದಲ್ಲ. ಪರೀಕ್ಷೆಯ ಹಿಂದಿನ ವಾರ ಎಲ್ಲರೂ ಹಗಲೂ ರಾತ್ರಿ ಓದುತ್ತಿದ್ದರು. ಅದರ ಹಿಂದಿನ ವಾರದ ತನಕ ಪುಸ್ತಕ ಯಾವ ಬಣ್ಣದ್ದು ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ.

ಅವರನ್ನು ಬೈದು ಪ್ರಯೋಜನವೂ ಇರಲಿಲ್ಲ. ನಮ್ಮೂರಿನಲ್ಲಿ ಮನೆಮನೆಗೆ ವಿದ್ಯುತ್ ಮಗ್ಗ. ಕರೆಂಟ್ ಇದ್ದಾಗ ಮಗ್ಗದ ಸದ್ದಿನಲ್ಲಿ ತಾನು ಓದಿದ್ದು ತನಗೇ ಕೇಳಿಸುವುದಿಲ್ಲ. ಕರೆಂಟ್ ಹೋದರೆ ಸದ್ದೇನೋ ನಿಲ್ಲುತ್ತದೆ, ಜೊತೆಗೆ ದೀಪವೂ ಹೋಗಿರುತ್ತದೆ. ಅದರ ಮೇಲೆ ಸಾಲಿ ಬಿಟ್ಟು ಹೋದ ಕೂಡಲೇ ಮಕ್ಕಳಿಗೆ ಕಂಡಕಿ ಸುತ್ತುವ ಕೆಲಸ. ಲಾಳಿಯೊಳಗೆ ಕೂರಿಸುವ ಸಣ್ಣ ಕೊಳವೆಗೆ ನೂಲು ಸುತ್ತಿ ಕೊಡಬೇಕು, ಇಲ್ಲದಿದ್ದರೆ ಮಗ್ಗ ನಿಲ್ಲುತ್ತದೆ. ಮಗ್ಗ ನಿಂತರೆ ಏನೇನು ನಿಲ್ಲುತ್ತದೆ ಎಂಬುದು ಆ ಮನೆಗಳ ಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಅಂಥವರಲ್ಲಿ ಒಬ್ಬಳು ಕಸ್ತೂರಿ. ಮೂರನೆಯ ಬೆಂಚಿನ ಗೋಡೆಯ ಬದಿಗೆ ಕೂಡುವ, ಇದ್ದಾಳೋ ಇಲ್ಲವೋ ಎಂದು ಹಾಜರಿ ಪುಸ್ತಕ ನೋಡಿಯೇ ತಿಳಿಯಬೇಕಾದ ಹುಡುಗಿ. ಎದ್ದು ನಿಂತು ಪಾಠ ಓದು ಎಂದರೆ ಅವಳ ತುಟಿ ಅಲುಗಾಡುವುದು ಕಾಣುತ್ತಿತ್ತು, ದನಿ ಬರುತ್ತಿರಲಿಲ್ಲ. "ಬಾಯಿ ಬಿಟ್ಟು ಓದವಾ ಕಸ್ತೂರಿ, ಹಿಂದಿನ ಬೆಂಚಿಗೆ ಕೇಳಸವಲ್ದು" ಎಂದು ವರ್ಷಪೂರ್ತಿ ನಾನು ಹೇಳಿದ್ದೇ ಹೇಳಿದ್ದು. ಮೊದಲನೆಯ ಕಿರುಪರೀಕ್ಷೆಯಲ್ಲಿ ಮೂರು ವಿಷಯಗಳಲ್ಲಿ ನಪಾಸಾದಾಗ ಅವಳ ಮನೆಗೇ ಹೋದೆ. ತಂದೆ ಮಲ್ಲಪ್ಪ ಮಗ್ಗ ನಿಲ್ಲಿಸಿ, ಕೈ ಒರೆಸಿಕೊಂಡು, ನನಗೆ ಚಾಪೆ ಹಾಸಿದ. ಒರಟ ಮನುಷ್ಯನಲ್ಲ, ಸುತ್ತು ಬಳಸಿ ಮಾತಾಡುವವನೂ ಅಲ್ಲ.

"ಸರ, ನಾ ಸಾಲಿ ಬ್ಯಾಡ ಅನ್ನಾಂವ ಅಲ್ರಿ," ಎಂದ. "ಆದ್ರ ಅಲ್ಲಿ ಹೋಗಿ ನಪಾಸ್ ಆಗೂದು, ಇಲ್ಲಿ ಮನ್ಯಾಗ ಮಗ್ಗ ನಿಲ್ಲೂದು, ಎರಡೂ ಕೂಡಿ ಆಗಂಗಿಲ್ಲ. ಅರ್ಧವಾರ್ಷಿಕದಾಗ ಎಲ್ಲಾದರಾಗೂ ಪಾಸಾಗಲಿ, ಮುಂದ ಓದಲಿ, ನಾ ಏನೂ ಅನ್ನೂದಿಲ್ಲ. ಇಲ್ಲಂದ್ರ ದಸರಾ ಸೂಟಿ ಮುಗದ ಮ್ಯಾಲ ಆಕಿ ಸಾಲಿಗಿ ಬರೂದಿಲ್ರಿ."

ಕಸ್ತೂರಿ ಅಲ್ಲೇ ರಾಟಿಯ ಮುಂದೆ ಕುಳಿತು ಕಂಡಕಿ ಸುತ್ತುತ್ತಿದ್ದಳು. ತನ್ನ ಬಗ್ಗೆಯೇ ಮಾತು ನಡೆದಿದ್ದರೂ ಅವಳ ಕೈ ಒಂದು ಗಳಿಗೆಯೂ ನಿಲ್ಲಲಿಲ್ಲ. ಸಾಲಿಯಲ್ಲಿ ಪೆನ್ನು ಹಿಡಿದಾಗ ತಡವರಿಸುವ ಅದೇ ಬೆರಳುಗಳು ಇಲ್ಲಿ ಎಷ್ಟು ಚುರುಕಾಗಿದ್ದವು ಎಂದರೆ ನಾನು ಬಂದ ಕೆಲಸ ಮರೆತು ನೋಡುತ್ತಲೇ ಕುಳಿತೆ. ಈ ಹುಡುಗಿಯನ್ನು ಸಾಲಿ ಬಿಡಲು ಬಿಡಬಾರದು ಎಂದುಕೊಂಡೆ. ಹೇಗೆ ಎಂದು ಮಾತ್ರ ಗೊತ್ತಿರಲಿಲ್ಲ.

ಅದೇ ವಾರ ಜಮಖಂಡಿಯಲ್ಲಿ ಶಿಕ್ಷಕರಿಗೊಂದು ತರಬೇತಿ ನಡೆಯಿತು. ಧಾರವಾಡದಿಂದ ಬಂದಿದ್ದ ಹಿರಿಯರೊಬ್ಬರು ಬಹಳ ಚೆನ್ನಾಗಿ ಮಾತನಾಡಿದರು. ಮಕ್ಕಳಿಗೆ ಬೇರೆ ಬೇರೆ ಗುರಿ ಕೊಡಬೇಡಿ, ಇಡೀ ವರ್ಗಕ್ಕೆ ಒಂದೇ ಗುರಿ ಕೊಡಿ. ನನ್ನ ಓದು ಎನ್ನುವುದು ನಮ್ಮ ಓದು ಆದಾಗ ಸೋಮಾರಿಯೂ ಎದ್ದು ಕೂರುತ್ತಾನೆ. ದಿನಕ್ಕೆ ಸ್ವಲ್ಪವೇ ಇರಲಿ, ಆದರೆ ದಿನವೂ ಇರಲಿ ಎಂದರು. ನಾನು ಮೈಯೆಲ್ಲ ಕಿವಿಯಾಗಿ ಕೇಳಿ ಬರೆದುಕೊಂಡೆ. ಆಮೇಲೆ ಅವರು, "ಆದರೆ ಇದರಲ್ಲಿ ಒಂದು ಮುಖ್ಯ ಎಚ್ಚರಿಕೆ ಇದೆ" ಎಂದು ಏನನ್ನೋ ಶುರುಮಾಡಿದರು. ಅಷ್ಟರಲ್ಲಿ ಹಿಂದುಗಡೆ ಉಪ್ಪಿಟ್ಟು ಬಂತು. ಆ ಎಚ್ಚರಿಕೆ ಏನೆಂದು ನನಗೆ ತಿಳಿದದ್ದು ಒಂದು ತಿಂಗಳ ನಂತರ, ಬಹಳ ತುಟ್ಟಿ ಬೆಲೆ ತೆತ್ತು.

ಮರುದಿನವೇ ವರ್ಗದಲ್ಲಿ ಘೋಷಣೆ ಮಾಡಿದೆ. ಹತ್ತನೆಯ ‘ಬ’ ವರ್ಗದವರೆಲ್ಲ ಸೇರಿ ಅರ್ಧವಾರ್ಷಿಕ ಪರೀಕ್ಷೆಯ ಒಳಗೆ ಸಾವಿರ ತಾಸು ಓದಬೇಕು. ಸಾವಿರ ತುಂಬಿದರೆ ಮುಧೋಳದ ಹತ್ತಿರ ತಿಮ್ಮಾಪುರಕ್ಕೆ ಪ್ರವಾಸ, ಅಲ್ಲಿಯ ಕೇಂದ್ರದಲ್ಲಿ ಸಾಕಿರುವ ಮುಧೋಳ ನಾಯಿಗಳ ದರ್ಶನ. ನಾಯಿ ಎಂದ ಕೂಡಲೇ ವರ್ಗದಲ್ಲಿ ಕೋಲಾಹಲವೆದ್ದಿತು. ಊರಲ್ಲಿ ನಾಯಿಗೇನು ಬರವಿರಲಿಲ್ಲ. ಆದರೆ ಸರಕಾರ ಸಾಕಿದ ನಾಯಿ ಹೇಗಿರುತ್ತದೆ ಎಂಬ ಕುತೂಹಲ ಎಲ್ಲರಿಗೂ ಇತ್ತು.

ಗೋಡೆಗೆ ಒಂದು ಹಲಗೆ ಹೊಡೆದು, ಅದಕ್ಕೆ ನಲವತ್ತೆರಡು ಮೊಳೆ ಬಡಿದು, ಒಂದೊಂದರ ಮೇಲೂ ಒಬ್ಬೊಬ್ಬರ ಹೆಸರು ಬರೆಸಿದೆ. ಒಂದು ತಾಸು ಓದಿದರೆ ಒಂದು ಎಳೆ ನೂಲು ಮೊಳೆಗೆ ಕಟ್ಟಬೇಕು. ಬನಹಟ್ಟಿಯಲ್ಲಿ ತುಂಡು ನೂಲಿಗೆ ಏನು ಕೊರತೆ? ಆಗ ಹಿಂದಿನ ಬೆಂಚಿನಿಂದ ಮಾನಿಟರ್ ಬೀರಪ್ಪ ಎದ್ದ. ಹಿಪ್ಪರಗಿ ರಸ್ತೆಯ ತೋಟದ ಮನೆಯಿಂದ ಸೈಕಲ್ ತುಳಿದು ಬರುವ, ಕುರಿ ಸಾಕುವ ಮನೆತನದ ಹುಡುಗ. ಓದಿನಲ್ಲಿ ಮಧ್ಯಮ, ವ್ಯವಹಾರದಲ್ಲಿ ಮಂತ್ರಿ.

"ಸರ, ನೀವೂ ಓದ್ತೀರೇನ್ರಿ? ನಿಮ್ಮದೂ ಏನೋ ಪರೀಕ್ಷಾ ಐತಂತಲ್ರಿ?"

ಸ್ಟಾಫ್ ರೂಮಿನ ಮಾತು ಇವನ ಕಿವಿಗೆ ಹೇಗೆ ಬಿತ್ತೋ. ಘೋಷಣೆಯ ಆವೇಶದಲ್ಲಿದ್ದ ನಾನು, "ಯಾಕ ಓದೂದಿಲ್ಲ? ಬಡಿ ಇನ್ನೊಂದು ಮೊಳಿ!" ಎಂದುಬಿಟ್ಟೆ. ನಲವತ್ತಮೂರನೆಯ ಮೊಳೆ ನನ್ನದಾಯಿತು.

ಮೊದಲ ದಿನವೇ ಮೂವತ್ತು ಎಳೆ. ಎರಡನೆಯ ದಿನ ನಲವತ್ತು. ವಾರದೊಳಗೆ ಹಲಗೆಯ ತುಂಬ ಬಣ್ಣ ಬಣ್ಣದ ಗೊಂಡೆಗಳು ತೂಗಾಡತೊಡಗಿದವು. ಹೆಡ್‌ಮಾಸ್ತರರು ಬಂದು ನೋಡಿ ಹೋದರು, ಬೇರೆ ವರ್ಗದ ಮಾಸ್ತರರನ್ನು ಕಳಿಸಿ ತೋರಿಸಿದರು. ಮಹಾಲಿಂಗಪುರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಹಳೆಯ ಗೆಳೆಯನಿಗೆ ಈ ವಿಷಯ ಹೇಳುತ್ತ ನಿಂತು ನಾನು ಎರಡು ಬಸ್ಸು ತಪ್ಪಿಸಿಕೊಂಡೆ. ಅವನೂ ತಪ್ಪಿಸಿಕೊಂಡ, ಆದರೆ ಅವನಿಗೆ ಅದರಿಂದ ನನ್ನಷ್ಟು ಸಂತೋಷವಾದಂತೆ ಕಾಣಲಿಲ್ಲ.

ಎಲ್ಲಕ್ಕಿಂತ ಹೆಚ್ಚಿನ ಸಂತೋಷ ಕಸ್ತೂರಿಯ ಮೊಳೆ ನೋಡಿ. ಅವಳು ದಿನಕ್ಕೆ ಒಂದಲ್ಲ, ಎರಡು, ಒಮ್ಮೊಮ್ಮೆ ಮೂರು ಎಳೆ ಕಟ್ಟುತ್ತಿದ್ದಳು. ಎರಡು ವಾರದಲ್ಲಿ ಅವಳ ಗೊಂಡೆಯೇ ವರ್ಗದಲ್ಲಿ ದೊಡ್ಡದು. ಸಂತೆಯಲ್ಲಿ ಮಲ್ಲಪ್ಪ ಸಿಕ್ಕಾಗ ಎದೆಯುಬ್ಬಿಸಿ ಹೇಳಿದೆ, "ನಿಮ್ಮ ಮಗಳು ಓದಿನಾಗ ಇಡೀ ಕ್ಲಾಸಿಗೆ ಮುಂದ ಅದಾಳ, ಮಲ್ಲಪ್ಪಾ."

"ಹೌದೇನ್ರಿ?" ಎಂದು ಅವನು ಕಣ್ಣರಳಿಸಿದ. "ಮನ್ಯಾಗ ಆಕಿ ಪುಸ್ತಕ ಹಿಡದದ್ದು ನಾ ನೋಡಿಲ್ರಿ."

"ಗೆಳತ್ಯಾರ ಮನ್ಯಾಗ ಓದ್ತಿರಬೇಕು."

"ಹಾಂ, ಅದು ಖರೆ. ದಿನಾ ಸಂಜಿಕೆ ಮನಿ ಕಂಡಕಿ ಸುತ್ತಿ ಮುಗಿಸಿ ಗೆಳತ್ಯಾರ ಮನಿಗೆ ಹೋಗ್ತಾಳ ನೋಡ್ರಿ." ಇಬ್ಬರೂ ಸಂತೋಷದಿಂದ ಬೀಳ್ಕೊಂಡೆವು.

ಇನ್ನು ನನ್ನ ಮೊಳೆ. ಮೊದಲ ದಿನ ಅಟ್ಟದಿಂದ ಗಂಟು ಇಳಿಸಿ, ಧೂಳು ಕೊಡವಿ, ಊಟ ಮುಗಿಸಿ, ದಿಂಬಿಗೆ ಒರಗಿ ಪುಸ್ತಕ ತೆಗೆದೆ. ಮೊದಲ ವಾಕ್ಯ ಬಹಳ ಉದ್ದವಾಗಿತ್ತು. ಅದರ ಕ್ರಿಯಾಪದ ಬರುವ ಮೊದಲೇ ನನಗೆ ನಿದ್ದೆ ಬಂತು. ಎರಡನೆಯ ದಿನ ಸುಮಿತ್ರಾಳಿಗೆ, "ನೀ ಸ್ವಲ್ಪ ಓದಿ ಹೇಳ, ನಾ ಕೇಳ್ತೇನಿ. ಕೇಳೂದೂ ಓದಿದಂಗನ" ಎಂದೆ. ಅವಳು ಮದುವೆಗೆ ಮೊದಲು ಬಿ.ಎ. ಮುಗಿಸಿದವಳು, ಓದಿನ ಆಸೆ ಇದ್ದವಳು. ಬದನೆಕಾಯಿ ಸೀಳುತ್ತ, ಪುಸ್ತಕವನ್ನು ಡಬ್ಬಿಗೆ ಒರಗಿಸಿಟ್ಟುಕೊಂಡು ಓದತೊಡಗಿದಳು. ನಾನು ಕಣ್ಣು ಮುಚ್ಚಿ ಕೇಳತೊಡಗಿದೆ. ನಾಲ್ಕನೆಯ ದಿನದಿಂದ ಅವಳು ತಾನೊಬ್ಬಳೇ ಓದಿಕೊಂಡು ಮರುದಿನ ಚಹಾದ ಹೊತ್ತಿಗೆ ನನಗೆ ಸಾರಾಂಶ ಹೇಳುವುದೆಂದಾಯಿತು. ಒಂದು ವಾರವಾದ ಮೇಲೆ ಸಾರಾಂಶವೂ ನಿಂತಿತು. ಆದರೆ ಓದು ನಡೆದಿತ್ತಲ್ಲ. ನಮ್ಮ ಮನೆಯಲ್ಲಿ ದಿನಕ್ಕೊಂದು ತಾಸು ಎಂ.ಎ. ಓದು ನಡೆದದ್ದು ಸತ್ಯ. ನಾನು ದಿನವೂ ನಿರ್ಮಲ ಮನಸ್ಸಿನಿಂದ ನನ್ನ ಮೊಳೆಗೆ ಎಳೆ ಕಟ್ಟುತ್ತಿದ್ದೆ.

ಎಳೆಗಳು ಏಳು ನೂರು ದಾಟಿದಾಗ ಒಂದು ಪರೀಕ್ಷೆ ಕೊಟ್ಟು ನೋಡೋಣವೆನಿಸಿತು. ಇಪ್ಪತ್ತೈದು ಅಂಕದ ಸಣ್ಣ ಪರೀಕ್ಷೆ. ಉತ್ತರ ಪತ್ರಿಕೆ ತಿದ್ದಲು ಕುಳಿತರೆ ನನಗೆ ದಿಕ್ಕೇ ತಿಳಿಯಲಿಲ್ಲ. ಹತ್ತು ಹನ್ನೆರಡು ಮಂದಿಗೆ ಇಪ್ಪತ್ತಕ್ಕಿಂತ ಮೇಲೆ. ಉಳಿದವರೆಲ್ಲ ಮೊದಲಿಗಿಂತಲೂ ಕೆಳಗೆ. ಕಸ್ತೂರಿಗೆ ನಾಲ್ಕು. ವರ್ಗದಲ್ಲೆಲ್ಲ ದೊಡ್ಡ ಗೊಂಡೆಯ ಒಡತಿಗೆ ಇಪ್ಪತ್ತೈದಕ್ಕೆ ನಾಲ್ಕು!

ಮರುದಿನ ವರ್ಗಕ್ಕೆ ಹೋದವನೇ ಹಲಗೆಯ ಮುಂದೆ ನಿಂತು ಗುಡುಗಿದೆ. "ಸುಳ್ಳು ಎಳಿ ಕಟ್ಟಿದವರು ಯಾರು? ಎದ್ದು ನಿಲ್ಲರಿ!" ಯಾರೂ ಏಳಲಿಲ್ಲ. ಬೀರಪ್ಪ ಮಾತ್ರ ನಿಧಾನವಾಗಿ ಎದ್ದ. ತಪ್ಪು ಮಾಡಿದವನ ಮುಖವಾಗಿರಲಿಲ್ಲ ಅದು, ತಿಳಿಯದವನಿಗೆ ತಿಳಿಸಿ ಹೇಳುವವನ ಮುಖ.

"ಸರ, ಸುಳ್ಳ ಯಾರೂ ಕಟ್ಟಿಲ್ರಿ. ಒಂದ ಎಳಿಗೆ ಒಂದ ತಾಸು ಬರಾಬರಿ ಓದೇವ್ರಿ."

"ಹಂಗಾದ್ರ ಕಸ್ತೂರಿಗೆ ನಾಲ್ಕ ಮಾರ್ಕ್ಸ್ ಯಾಕ ಬಿದ್ದಾವು?"

"ಆಕೀದು ಆಕಿ ಓದಿಲ್ರಿ. ಆಕೀದು ಶಿವಲೀಲಾ ಓದ್ಯಾಳ್ರಿ."

ಶಿವಲೀಲಾ ನಮ್ಮ ವರ್ಗದ ಜಾಣೆಯರಲ್ಲಿ ಒಬ್ಬಳು. ಬೀರಪ್ಪ ಬಿಡಿಸಿ ಹೇಳಿದ. "ನೀವ ಹೇಳಿದ್ರಲ್ರಿ, ಗುರಿ ಎಲ್ಲಾರದೂ ಅಂತ. ನಮ್ಮ ಕಡೆ ನಾಕ ಮನಿ ಕುರಿ ಒಬ್ಬಾಂವ ಕಾಯ್ತಾನ್ರಿ, ಉಳದವರು ಬ್ಯಾರೆ ಕೆಲಸ ಮಾಡ್ತಾರ. ನಾಕೂ ಮಂದಿ ನಾಕ ಕಡೆ ಕುರಿ ಹೊಡಕೊಂಡ ಅಡ್ಡಾಡಿದ್ರ ಕೆಲಸ ಆಕ್ಕೈತೇನ್ರಿ? ಹಂಗ ಓದೂದು ಯಾರಿಗೆ ಛಲೋ ಬರತೈತಿ ಅವರು ಓದಿದ್ರು. ಅವರ ಮನಿ ಕೆಲಸ ನಾವು ಮಾಡಿದ್ವಿ. ಮುಯ್ಯಾಳ್ರಿ ಸರ."

ಮುಯ್ಯಾಳು ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿರುವ ಪದ್ಧತಿ. ಇವತ್ತು ನಾನು ನಿನ್ನ ಹೊಲಕ್ಕೆ ಬಂದು ಕಳೆ ತೆಗೆದರೆ ನಾಳೆ ನೀನು ನನ್ನ ಹೊಲಕ್ಕೆ ಬಂದು ತೆಗೆಯಬೇಕು. ಕೂಲಿಯ ಮಾತಿಲ್ಲ, ಬಂದ ಮುಯ್ಯಿ ತೀರಿಸಿದರೆ ಆಯಿತು. ಹತ್ತನೆಯ ‘ಬ’ ವರ್ಗ ಸಾವಿರ ತಾಸಿನ ಓದನ್ನು ಹೀಗೆ ಮುಯ್ಯಾಳಿಗೆ ಹಚ್ಚಿತ್ತು. ಹತ್ತು ಹನ್ನೆರಡು ಜಾಣರು ದಿನಕ್ಕೆ ನಾಲ್ಕೈದು ತಾಸು ಓದಿ ಎಲ್ಲರ ಮೊಳೆಯನ್ನೂ ತುಂಬಿಸುತ್ತಿದ್ದರು. ಮಗ್ಗದ ಮನೆಯಿಲ್ಲದ ಬೀರಪ್ಪ ಅವರ ಮನೆಗಳಿಗೆ ಸೈಕಲ್ ಮೇಲೆ ನಳದ ನೀರಿನ ಕೊಡ ಹೊರುತ್ತಿದ್ದ. ಕಂಡಕಿ ಸುತ್ತುವುದರಲ್ಲಿ ಕಸ್ತೂರಿಯಷ್ಟು ಚುರುಕು ಯಾರೂ ಇರಲಿಲ್ಲವಾದ್ದರಿಂದ ಅವಳಿಗೆ ಎಲ್ಲೆಡೆ ಬೇಡಿಕೆ. ಅವಳು ಸಂಜೆಯಾದರೆ ಮೂರು ಮನೆಯ ಕಂಡಕಿ ಸುತ್ತುತ್ತಿದ್ದಳು, ಆ ಮೂರು ಮನೆಯವರು ಅವಳ ಹೆಸರಿನಲ್ಲಿ ಮೂರು ತಾಸು ಓದುತ್ತಿದ್ದರು. ನಾನು ಎದೆಯುಬ್ಬಿಸಿ ಹೊಗಳಿದ ಗೊಂಡೆಯ ಪ್ರತಿಯೊಂದು ಎಳೆಯೂ ಅವಳು ಓದದೇ ಹೋದ ಒಂದು ತಾಸಾಗಿತ್ತು.

"ಕಸ್ತೂರಿ, ನೀನಾದ್ರೂ ಹೇಳಬಾರದೇನವಾ? ನಿಮ್ಮಪ್ಪ ಏನ ಹೇಳ್ಯಾನ ನಿನಗ ಗೊತ್ತಿಲ್ಲೇನು?" ಎಂದೆ. ಅವಳು ಎದ್ದು ನಿಂತಳು. ಬಾಯಿ ಬಿಟ್ಟಳು, ಕೇಳಿಸಲಿಲ್ಲ. ಹತ್ತಿರ ಹೋದೆ.

"ನಂಗ ಓದಾಕ ಬರೂದಿಲ್ರಿ ಸರ. ಸುತ್ತಾಕ ಬರತೈತ್ರಿ. ನನ್ನ ಸಲುವಾಗಿ ಕ್ಲಾಸಿಂದು ಸಾವಿರ ತಪ್ಪಬಾರದು ಅಂತ ಸುತ್ತೇನ್ರಿ," ಎಂದಳು.

ನನಗೆ ನಿಜವಾಗಿಯೂ ನಾಚಿಕೆಯಾಯಿತು. ಅವಳನ್ನು ಉಳಿಸಲು ಎಂದು ನಾನು ಹೂಡಿದ ಆಟದಲ್ಲಿ, ವರ್ಗಕ್ಕಾಗಿ ಅವಳೇ ತನ್ನ ತಾಸುಗಳನ್ನೆಲ್ಲ ಕೊಟ್ಟು ಕೂತಿದ್ದಳು. ಧಾರವಾಡದ ಹಿರಿಯರ ಎಚ್ಚರಿಕೆ ಏನಿದ್ದಿರಬಹುದೆಂದು ಈಗ ಹೊಳೆಯಿತು. ಉಪ್ಪಿಟ್ಟು ಅಂಥ ರುಚಿಯಾಗಿಯೂ ಇರಲಿಲ್ಲ. ಆದರೂ ಮಾಸ್ತರನಲ್ಲವೇ, ಒಂದು ಭಾಷಣ ಕೊಡೋಣವೆಂದು ಗಂಟಲು ಸರಿಮಾಡಿಕೊಂಡೆ. "ನಿಮ್ಮ ಓದನ್ನು ಇನ್ನೊಬ್ಬರ ಕೈಯಿಂದ ಓದಿಸೂದು ಎಂಥಾ ನಾಚಿಕೆಗೇಡು..." ಎಂಬಷ್ಟರಲ್ಲಿ ನಲವತ್ತಮೂರನೆಯ ಮೊಳೆ ಕಣ್ಣಿಗೆ ಬಿತ್ತು. ಅದರ ಗೊಂಡೆ ಗಾಳಿಗೆ ಮೆಲ್ಲಗೆ ಅಲುಗಾಡುತ್ತಿತ್ತು. ವಾಕ್ಯ ಅಲ್ಲಿಗೇ ನಿಂತಿತು.

ಸಂಜೆ ಮಲ್ಲಪ್ಪನ ಮನೆಗೆ ಹೋದೆ, ಬೀರಪ್ಪ ಶಿವಲೀಲಾ ಇಬ್ಬರನ್ನೂ ಕರೆದುಕೊಂಡು. ಆದದ್ದೆಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದೆ. ಅವನು ರೇಗುತ್ತಾನೆಂದು ನಾನು ಎದ್ದು ಓಡಲು ಅನುಕೂಲವಾಗುವಂತೆ ಚಾಪೆಯ ತುದಿಗೇ ಕುಳಿತಿದ್ದೆ. ಅವನು ರೇಗಲಿಲ್ಲ. ಕೈಯಲ್ಲಿದ್ದ ಲಾಳಿಯನ್ನು ತಿರುಗಿಸುತ್ತ ಕೇಳಿದ:

"ಸರ, ಕೆಲಸ ಮುಯ್ಯಾಗ ಆಕ್ಕೈತಿ. ಊಟ, ನಿದ್ದಿ ಮುಯ್ಯಾಗ ಆಗೂದಿಲ್ಲ. ನನ್ನ ಪಾಲಿನ ರೊಟ್ಟಿ ನೀವು ಉಂಡ್ರ ನನ್ನ ಹೊಟ್ಟಿ ತುಂಬೂದಿಲ್ಲ. ಈ ಓದೂದು ಯಾವುದರ ಪೈಕಿ? ಕೆಲಸದ ಪೈಕಿಯೋ, ಊಟದ ಪೈಕಿಯೋ?"

ಬಿ.ಎಡ್.ನಲ್ಲಿ ನಾನು ಶಿಕ್ಷಣದ ಬಗ್ಗೆ ದಪ್ಪ ದಪ್ಪ ಪುಸ್ತಕ ಕೊಂಡಿದ್ದೆ. ಇಷ್ಟು ಸರಳವಾಗಿ ಯಾರೂ ಕೇಳಿರಲಿಲ್ಲ. "ಊಟದ ಪೈಕಿ, ಮಲ್ಲಪ್ಪಾ" ಎಂದೆ.

"ಹಂಗಾದ್ರ ಆಕಿ ಬದಲಿ ಓದಿದ್ದು ಲೆಕ್ಕಕ್ಕಿಲ್ಲ, ಓದಿದವರು ಇನ್ನೂ ಮುಯ್ಯಿ ತೀರಸಬೇಕಲ್ರಿ," ಎಂದು ಬೀರಪ್ಪನೇ ನಡುವೆ ಬಾಯಿ ಹಾಕಿದ. "ಕಸ್ತೂರಿ ಮೂರು ಮನ್ಯಾಗ ಸುತ್ತ್ಯಾಳ. ಈಗ ಆ ಮನ್ಯಾವರು ಇಲ್ಲಿ ಬಂದು ಸುತ್ತಲಿ, ಆಕಿ ಕುಂತ ಓದಲಿ. ಕುಂತದ್ದಕ್ಕ ನಾ ಸಾಕ್ಷಿ."

ಅಂದಿನಿಂದ ಸರದಿ ಶುರುವಾಯಿತು. ದಿನಕ್ಕಿಬ್ಬರು ಮೂವರು ಬಂದು ರಾಟಿಯ ಮುಂದೆ ಕೂಡುವುದು, ಕಸ್ತೂರಿ ಹಿಂದಿನ ಪಡಸಾಲೆಯಲ್ಲಿ ಪುಸ್ತಕ ಹಿಡಿದು ಕೂಡುವುದು. ಕಷ್ಟವಾದದ್ದು ಬಂದರೆ ಶಿವಲೀಲಾ ಹೇಳಿಕೊಡುತ್ತಿದ್ದಳು, ಅವಳ ಬದಲಿಗೆ ಓದುವಂತಿರಲಿಲ್ಲ. ಬೀರಪ್ಪನೂ ಹುರುಪಿನಿಂದ ಸುತ್ತಲು ಕೂತ. ಕುರಿಯ ಉಣ್ಣೆ ಕಂಡಿದ್ದ ಕೈಗೆ ಹತ್ತಿಯ ನೂಲು ಬಗ್ಗಲಿಲ್ಲ. ಎರಡು ದಿನ ಸಹಿಸಿಕೊಂಡ ಮಲ್ಲಪ್ಪ ಮೂರನೆಯ ದಿನ ಕೈ ಮುಗಿದ. "ತಮ್ಮಾ, ನೀ ಸುತ್ತಿದ ಕಂಡಕಿ ಹಾಕಿದ್ರ ಮಗ್ಗಕ್ಕ ಬಿಕ್ಕಳಿಕೆ ಬರತಾವು. ನಿನ್ನ ಪಾಲಿಂದೂ ನಾನ ಸುತ್ತತೇನಿ, ನೀ ಓದ ಹೋಗಲೇ!" ಹೀಗೆ ಬೀರಪ್ಪನೂ ಅನಿವಾರ್ಯವಾಗಿ ಓದುವವರ ಸಾಲಿಗೆ ಸೇರಿದ.

ಹಲಗೆಯ ಎಳೆಗಳನ್ನೆಲ್ಲ ಬಿಚ್ಚಿದೆವು. ಗುರಿ ಹಳೆಯದೇ, ಎಲ್ಲರೂ ಕೂಡಿ ಸಾವಿರ ತಾಸು. ಆದರೆ ಈಗ ಎಳೆ ಕಟ್ಟುವವನು ತಾನು ಓದಿದ್ದರಲ್ಲಿ ಒಂದು ಮಾತನ್ನಾದರೂ ಪಕ್ಕದವನಿಗೆ ಹೇಳಿ ತೋರಿಸಿ ಕಟ್ಟಬೇಕು. ನನ್ನ ಗೊಂಡೆಯನ್ನು ಯಾರೂ ನೋಡದಾಗ ನಾನೇ ಬಿಚ್ಚಿ ಕಿಸೆಗೆ ಹಾಕಿಕೊಂಡೆ. ಮೊಳೆ ಬರಿದಾಗಿ ಉಳಿಯಿತು. ಪರೀಕ್ಷೆಯ ಹಿಂದಿನ ದಿನ ಎಣಿಸಿದರೆ ಒಂಬೈನೂರ ತೊಂಬತ್ತೊಂದು. ಜ್ವರ ಬಂದವರದು, ಊರಿಗೆ ಹೋದವರದು ಅಲ್ಲಲ್ಲಿ ತಪ್ಪಿತ್ತು. ಒಂಬತ್ತು ತಾಸು ಕಡಿಮೆ ಬಿದ್ದಿತ್ತು. ಮಕ್ಕಳ ಮುಖ ಸಣ್ಣದಾದರೂ, ಮರುದಿನದ ಪರೀಕ್ಷೆಯ ಗಡಿಬಿಡಿಯಲ್ಲಿ ಆ ಮಾತು ಅಲ್ಲಿಗೇ ನಿಂತಿತು.

ಫಲಿತಾಂಶದ ದಿನ ಮಲ್ಲಪ್ಪ ತಾನೇ ಸಾಲಿಗೆ ಬಂದ. ಕಸ್ತೂರಿ ಎಲ್ಲ ವಿಷಯಗಳಲ್ಲೂ ಪಾಸಾಗಿದ್ದಳು. ಗಣಿತದಲ್ಲಿ ಮೂವತ್ತೇಳು, ನನ್ನ ವಿಷಯದಲ್ಲಿ ಐವತ್ತೆರಡು. ಮಲ್ಲಪ್ಪ ಅಂಕಪಟ್ಟಿಯನ್ನು ಎರಡು ಸಲ ಮೇಲಿನಿಂದ ಕೆಳಗೆ ನೋಡಿ, "ಸೂಟಿ ಮುಗದ ಮ್ಯಾಲ ಬರತಾಳ್ರಿ ಸರ," ಎಂದಷ್ಟೇ ಹೇಳಿ, ಮಗಳ ತಲೆಯ ಮೇಲೆ ಒಮ್ಮೆ ಕೈಯಿಟ್ಟು ಹೋದ. ನನ್ನ ಹಿಗ್ಗು ಮಕ್ಕಳಿಗೆ ಕಾಣಬಾರದಿತ್ತು. ಅದನ್ನು ಮರೆಸಲು ಸುಮ್ಮನೆ ಬೀರಪ್ಪನನ್ನು ಬೈದೆ.

ಬೈದದ್ದು ತಪ್ಪಾಯಿತು. ಅವನಿಗೆ ಹಲಗೆ ನೆನಪಾಯಿತು. "ಸರ, ನಾಯಿ?" ಎಂದ.

"ಸಾವಿರ ತುಂಬಲಿಲ್ಲಲ್ಲೋ. ಒಂಬತ್ತು ಕಡಿಮಿ."

"ನಮ್ಮ ಮೊಳಿ ಎಲ್ಲಾ ತುಂಬ್ಯಾವ್ರಿ ಸರ. ಒಂದ ಮೊಳಿ ಪೂರಾ ಖಾಲಿ ಐತ್ರಿ," ಎಂದು ನಲವತ್ತಮೂರನೆಯದನ್ನು ತೋರಿಸಿದ. ಇಡೀ ವರ್ಗ ಅದರ ಕಡೆ ನೋಡಿತು, ಆಮೇಲೆ ನನ್ನ ಕಡೆ ನೋಡಿತು. ನಾನು ಬೇರೆ ದಾರಿ ಕಾಣದೆ ಹಳೆಯ ಮಾತನ್ನೇ ಹೇಳಿದೆ: "ಏನ ಮಾಡೂದಪಾ, ಮನಿ ಕೆಲಸದಾಗ ಪುರಸೊತ್ತ ಆಗೂದಿಲ್ಲ."

ಸೂಟಿಯ ಮೊದಲ ರವಿವಾರ ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ಬಡಿದ ಸದ್ದು. ತೆಗೆದರೆ ಬೀರಪ್ಪ, ಶಿವಲೀಲಾ, ಕಸ್ತೂರಿ, ಅವರ ಹಿಂದೆ ಇನ್ನೂ ಹತ್ತು ಹದಿನೈದು ಮಂದಿ. ಕೆಲವರ ಕೈಯಲ್ಲಿ ಕಸಬರಿಗೆ, ಒಬ್ಬನ ಕೈಯಲ್ಲಿ ಕೊಡ.

"ಮುಯ್ಯಾಳ ಬಂದೇವ್ರಿ ಸರ," ಎಂದ ಬೀರಪ್ಪ. "ನಿಮ್ಮ ಮನಿ ಕೆಲಸ ನಾವು ಮಾಡತೇವಿ. ನೀವು ಕುಂತ ಆ ಒಂಬತ್ತ ತಾಸು ಓದ್ರಿ." ನಾನು ತಡೆಯುವುದರೊಳಗೆ ಅವನು ಒಳಗೆ ಮುಖ ಮಾಡಿ ಕೂಗಿದ, "ಅಕ್ಕಾರ, ಸರ್ ಮನ್ಯಾಗ ದಿನಾ ಏನೇನ ಕೆಲಸ ಮಾಡ್ತಾರ ಹೇಳ್ರಿ. ಎಲ್ಲಾ ನಾವು ಹಂಚಕೋತೇವಿ."

ಸುಮಿತ್ರಾ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಪ್ರಶ್ನೆಯನ್ನು ಕೇಳಿ ನಗಲಿಲ್ಲ, ವ್ಯಂಗ್ಯವಾಡಲಿಲ್ಲ. ಮಕ್ಕಳು ಶ್ರದ್ಧೆಯಿಂದ ಕೇಳಿದ್ದಾರೆಂದು ಅವಳೂ ಶ್ರದ್ಧೆ ಇಟ್ಟು ಯೋಚಿಸತೊಡಗಿದಳು. ನೀರು ತರುವುದು? ಅದು ಅವಳೇ. ಸಂತೆ? ಅವಳೇ. ಅಂಗಳ, ಪಾತ್ರೆ, ಬಟ್ಟೆ ಎಂದು ಒಂದೊಂದೇ ಬೆರಳು ಮಡಿಚುತ್ತ ಹೋಗಿ ಮತ್ತೆ ಬಿಚ್ಚುತ್ತ ಬಂದಳು. ಹದಿನೈದು ಮಂದಿ ಮಕ್ಕಳು ಕಸಬರಿಗೆ ಹಿಡಿದು ಕಾಯುತ್ತಿದ್ದರು. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಖು ನೋಡತೊಡಗಿದೆ. ಕೊನೆಗೆ ಅವಳ ಮುಖ ಅರಳಿತು.

"ಹಾಂ, ಒಂದೈತಿ ನೋಡ್ರಿ! ಮಧ್ಯಾಹ್ನ ಊಟ ಆದ ಮ್ಯಾಲ ಒಂದ ತಾಸು ಮಲಕೋತಾರ. ಅದನ್ನ ಮಾತ್ರ ಒಂದ ದಿನಾನೂ ತಪ್ಪಿಸಿಲ್ಲ."

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಕಸ್ತೂರಿ ಮುಂದೆ ಬಂದಳು. "ನಿದ್ದಿ ಮುಯ್ಯಾಗ ಆಗೂದಿಲ್ರಿ ಅಕ್ಕಾರ. ನಮ್ಮಪ್ಪ ಹೇಳ್ಯಾನ," ಎಂದಳು. ನ್ಯಾಯ ಮುಗಿಯಿತು. ಮಕ್ಕಳು ಕಸಬರಿಗೆಗಳನ್ನು ಕೆಳಗಿಟ್ಟು ಪಡಸಾಲೆಯಲ್ಲಿ ಸಾಲಾಗಿ ಕುಳಿತರು. ಸುಮಿತ್ರಾ ಒಳಗಿನಿಂದ ಎಂ.ಎ. ಪುಸ್ತಕ ತಂದು ಕಸ್ತೂರಿಯ ಕೈಗೆ ಕೊಟ್ಟಳು, ಕಸ್ತೂರಿ ಅದನ್ನು ನನ್ನ ಕೈಗೆ ಕೊಟ್ಟಳು.

ಪುಸ್ತಕ ತೆಗೆದೆ. ಪುಟಪುಟದ ಅಂಚಿನಲ್ಲೂ ಸುಮಿತ್ರಾಳ ಪೆನ್ಸಿಲ್ ಗೆರೆ, ಅಲ್ಲಲ್ಲಿ ಅರಿಶಿನದ ಬೆರಳ ಗುರುತು. ಕೊನೆಯ ಪುಟ ನೋಡಿದೆ, ಅಲ್ಲಿಯೂ ಇತ್ತು. ಅವಳು ನನ್ನ ಎಂ.ಎ.ಯನ್ನು ಓದಿ ಮುಗಿಸಿದ್ದಳು. ಮುಂದಿನ ವರ್ಷ ಇವಳ ಹೆಸರನ್ನೂ ಹಚ್ಚಬೇಕು ಎಂದುಕೊಂಡೆ, ಅವಳು ನನಗಿಂತ ಹೆಚ್ಚು ಅಂಕ ತೆಗೆಯುತ್ತಾಳೆ ಎಂಬುದೂ ಆಗಲೇ ಗೊತ್ತಾಯಿತು. ಮೊದಲ ಪುಟಕ್ಕೆ ತಿರುಗಿ, ಆ ಉದ್ದನೆಯ ವಾಕ್ಯವನ್ನು ಮತ್ತೆ ಹಿಡಿದು, ತುಟಿಯೊಳಗೇ ಓದತೊಡಗಿದೆ.

ಅರ್ಧ ವಾಕ್ಯವೂ ಆಗಿರಲಿಲ್ಲ. ಪಕ್ಕದ ಮನೆಯಲ್ಲಿ ಮಗ್ಗ ನಡೆದಿತ್ತು. ಅದರ ಸದ್ದನ್ನೂ ಮೀರಿ, ಪಡಸಾಲೆಯ ಹಿಂದಿನ ಗೋಡೆಗೆ ಒರಗಿ ಕುಳಿತಿದ್ದ ಕಸ್ತೂರಿಯ ದನಿ ಸ್ಪಷ್ಟವಾಗಿ ಕೇಳಿಸಿತು:

"ಬಾಯಿ ಬಿಟ್ಟು ಓದ್ರಿ ಸರ, ಹಿಂದಿನ ಬೆಂಚಿಗೆ ಕೇಳಸವಲ್ದು."